ಅಯೋಡಿನ್ ಮಡಿ

ರಂಗೂಬಾಯಿಯ ಮಡಿಯೆಂದರೆ ಹುಡುಗಾಟದ ಮಾತಲ್ಲ. ಬೆಳಗ್ಗೆ ತಣ್ಣೀರು ಸುರಿದುಕೊಂಡು ಒದ್ದೆ ಸೀರೆ ಸುತ್ತಿಕೊಂಡರೆಂದರೆ, ಇಂಡಿ ಊರಿನ ಆ ಮನೆಯಲ್ಲಿ ಗಾಳಿಯೂ ಅವರನ್ನು ಕೇಳಿಯೇ ಬೀಸಬೇಕು. ಮಗ ಸುಧೀರ ತೀರಿಕೊಂಡ ಮೇಲಂತೂ ಮಡಿ ಇನ್ನೂ ಬಿಗಿಯಾಯಿತು. ಅತ್ತೆಯ ಒಲೆ ಬೇರೆ, ಸೊಸೆ ವರದಾಳ ಒಲೆ ಬೇರೆ. "ದೂರ ಸರಿ" ಎಂಬುದೊಂದನ್ನು ಬಿಟ್ಟರೆ ಅತ್ತೆಯ ಬಾಯಲ್ಲಿ ಬೇರೆ ಮಾತೇ ಅಪರೂಪ. ವರದಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ಹೇಳಿ ಗಂಟಲು ಹರಿದುಕೊಂಡು ಬರುವಳು. ಮನೆಯಲ್ಲಿ ಮಾತಾಡಲು ಗೋಡೆಗಳು. ಸುಳ್ಳೇಕೆ, ಒಂಟಿತನ ಅವಳನ್ನು ತಿಂದುಹಾಕುತ್ತಿತ್ತು.

ಅದೇ ಗಂಟಲಲ್ಲಿ ಗಡ್ಡೆ ಎದ್ದಿತು. ಸೊಲ್ಲಾಪುರದ ದವಾಖಾನೆಯಲ್ಲಿ ಥೈರಾಯ್ಡ್ ತೆಗೆದರು, ಆಮೇಲೆ ವಿಕಿರಣದ ಅಯೋಡಿನ್ ಗುಳಿಗೆ ನುಂಗಿಸಿದರು. ಹತ್ತು ದಿನ ಯಾರ ಹತ್ತಿರವೂ ಸುಳಿಯಬೇಡಿ ಎಂದು ತಾಕೀತು ಮಾಡಿ ಕಳಿಸಿದರು.

ವರದಾ ಹೊಸ್ತಿಲಲ್ಲೇ ನಿಂತಳು. "ಅತ್ಯಾರ, ದೂರ ಸರೀರಿ. ನನ್ನ ಮುಟ್ಟಬ್ಯಾಡ್ರಿ."

ರಂಗೂಬಾಯಿ ಈ ಮಾತನ್ನು ಆಡಿದವರೇ ಹೊರತು ಜನ್ಮದಲ್ಲಿ ಕೇಳಿದವರಲ್ಲ. "ಅಯ್ಯ ನಮ್ಮವ್ವ! ನೀ ಯಾವಾಗಿಂದ ಮಡಿ ಹಿಡದಿ?"

"ಮಡಿ ಅಂತನ ತಿಳೀರಿ. ಹತ್ತು ದಿನ."

"ಹತ್ತು ದಿನ ಅಂದ್ರ ಸೂತಕ ಆತಲ್ಲ, ಮಡಿ ಎಲ್ಲಿದು?"

ವರದಾ ಪಡಸಾಲೆಯ ಬಾಗಿಲಲ್ಲಿ, ಅತ್ತೆ ಅಂಗಳದಾಚೆ ಅಡುಗೆಮನೆಯ ಕಟ್ಟೆಯಲ್ಲಿ ಮಣೆ ಹಾಕಿಕೊಂಡು, ನಡುವೆ ನಿಂಬೆ ಗಿಡ. ಅತ್ತೆ ತಾವೇ ಮಾಡಿದ ಅನ್ನ-ಸಾರನ್ನು ಗಿಡದ ಬುಡದಲ್ಲಿಟ್ಟು ಹಿಂದೆ ಸರಿಯುತ್ತಿದ್ದರು. ಸೊಸೆ ಎಲ್ಲಿ ಮುಟ್ಟಿಬಿಟ್ಟಾಳೋ ಎಂಬ ದಿಗಿಲು ಈಗಿರಲಿಲ್ಲ. ಕಾವಲು ಕಾಯುವ ಕೆಲಸ ಸೊಸೆಗೇ ಬಿದ್ದಿತ್ತಲ್ಲ! ದಿಗಿಲು ಹೋದದ್ದೇ ಮಾತು ಬಂತು. ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತ ಮಾತು, ಬತ್ತಿ ಹೊಸೆಯುತ್ತ ಮಾತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ, ದೂರದ ಸೊಸೆಯೂ ನುಣ್ಣಗಾದಳೋ ಏನೋ.

"ಉಪ್ಪಿನ್ಯಾಗೂ ಅಯೋಡಿನ್ ಅದ ಅಂತಾರ. ಅದಕ್ಯಾಕ ಮಡಿ ಇಲ್ಲ?" ಎಂದು ಅತ್ತೆ ಒಂದು ದಿನ ಕೇಳಿದರು.

"ಅದು ಭೂಮ್ಯಾಗ ಹುಟ್ಟಿದ್ದರಿ. ನಾ ನುಂಗಿದ್ದು ಮನಷ್ಯಾರು ಮಾಡಿದ್ದು." ವರದಾ ಬೆನ್ನ ಹಿಂದಿನ ಗೋಡೆಗಿದ್ದ ಮೂಲವಸ್ತುಗಳ ಪಟ ತೋರಿಸಿದಳು. ಪಗಡೆ ಹಾಸಿನಂತೆ ಅದರ ತುಂಬ ಚೌಕದ ಮನೆಗಳು. "ಇದರಾಗ ಯುರೇನಿಯಂ ತನಕ ಹೆಚ್ಚುಕಡಿಮಿ ಎಲ್ಲಾ ಭೂಮಿ ಕೊಟ್ಟದ್ದು. ಅದರಾಚೆಗಿನವು ನಾವು ಮಾಡಿದ್ದು. ಕಡೀಕಿನವು ಕೆಲವು ಹುಟ್ಟಿ ಕಣ್ಣು ಪಿಳಕಿಸೋದ್ರಾಗ ಹೋಗಿಬಿಡ್ತಾವ."

"ಹೋದ್ರೂ ಹೆಸರಿಡ್ತಾರ?"

"ಇಡ್ತಾರ್ರಿ. ಪಟದಾಗ ಒಂದು ಮನೀನೂ ಕೊಡ್ತಾರ."

ರಂಗೂಬಾಯಿಯ ಕೈಯ ಹಣ್ಣು ಕೈಯಲ್ಲೇ ಉಳಿಯಿತು. "ಸುಧೀರಗಿಂತ ಮೊದಲ ನನಗೊಂದು ಹೆಣ್ಣುಕೂಸು ಇತ್ತು," ಎಂದರು. "ಹೆಸರಿಡೋ ದಿನದ ತನಕ ಉಳೀಲಿಲ್ಲ. ಹೆಸರಿಲ್ಲದ ಕೂಸಿಗೆ ಅಳಬಾರದು ಅಂದ್ರು ನಮ್ಮತ್ತಿ. ಮನ್ಯಾಗ ಯಾರೂ ಅದರ ಸುದ್ದಿ ತಗೀಲಿಲ್ಲ. ನಾನೂ ತಗೀಲಿಲ್ಲ."

ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಸೊಸೆಗೆ ಇದು ಗೊತ್ತಿರಲಿಲ್ಲ. ಓಡಿಹೋಗಿ ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಗುಳಿಗೆ ನುಂಗಿದ ಮೈ. ಬಾಗಿಲಲ್ಲೇ ಕೂತು ಕೇಳಿದಳು, "ಏನಂತ ಹೆಸರಿಡ್ತಿದ್ರಿ?"

"ಕೃಷ್ಣಾ," ಎಂದರು ಅತ್ತೆ. ಆಮೇಲೆ ಇಬ್ಬರೂ ತಂತಮ್ಮ ಕಡೆಯಲ್ಲಿ ಕೂತು ಅತ್ತರು.

ಹತ್ತು ದಿನ ತುಂಬಿದ ಮರುದಿನ ವರದಾ ತಲೆಗೆ ನೀರು ಹಾಕಿಕೊಂಡು, ಅತ್ತೆಗೊಂದು ಲೋಟ ಚಹಾ ಮಾಡೋಣವೆಂದು ಅಡುಗೆಮನೆಯತ್ತ ನಡೆದಳು. ಇನ್ನು ಹತ್ತಿರ ಕೂತೇ ಮಾತಾಡಬಹುದು ಎಂದುಕೊಂಡಿದ್ದಳು, ಹುಚ್ಚಿ.

ರಂಗೂಬಾಯಿ ಸೆರಗು ಎಳೆದುಕೊಂಡು ಗೋಡೆಗೆ ಅಂಟಿದರು. "ಮುಗೀತೇನ ನಿಂದು? ಹಂಗಾದ್ರ ದೂರ ಸರಿ. ನಾ ಮಡೀಲಿದ್ದೇನಿ."

ಅದೇ ಹಳೆಯ ದನಿ. ಕಟ್ಟೆಯ ಮೇಲಿದ್ದ ಮಣೆ ಆಗಲೇ ಒಳಗೆ ಹೋಗಿತ್ತು.

ವರದಾ ಒಳಗಿನ ಮಣೆಯತ್ತ ನೋಡಿದಳು. ಮತ್ತೆ ಆ ಗೋಡೆಗಳೇ? ಎಂಟು ದಿನಕ್ಕೆ ಅರ್ಧ, ಮತ್ತೆಂಟು ದಿನಕ್ಕೆ ಅದರರ್ಧ ಎಂದು ಈ ಅಯೋಡಿನ್ನು ಕರಗುವ ಲೆಕ್ಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ಅವಳು. ಪಾಠದಲ್ಲಿ ಒಂದಂಕಿ ತಪ್ಪಿದರೂ ಸಹಿಸದವಳು. ಆದರೂ ಎರಡು ಹೆಜ್ಜೆ ಹಿಂದೆ ಸರಿದಳು.

"ಇಲ್ರಿ ಅತ್ಯಾರ, ಮುಗದಿಲ್ಲ. ಡಾಕ್ಟರ್ ಫೋನ್ ಮಾಡಿದ್ರು. ಇನ್ನೂ ಒಂದು ತಿಂಗಳಂತ."

ರಂಗೂಬಾಯಿ ಸೊಸೆಯ ಮುಖವನ್ನೇ ನೋಡಿದರು.

"ಒಂದು ತಿಂಗಳ ಸಾಕಾಗ್ತದೇನ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ಒಳಗಿನ ಮಣೆ ಹೊರಗೆ ತಂದು ಹಾಕಿದರು.