ಹತ್ತು ನಿಮಿಷಕ್ಕೆ ಮರೆಯುವ ಯಂತ್ರ

ಸಿದ್ದಾಪುರದ ಪರಿಮಳಾ ಹೆಗಡೆಯ ಮನೆಗೆ ಬ್ರೆಡ್ ಮಾಡುವ ಯಂತ್ರ ಬಂದದ್ದು ೨೦೦೧ರ ದೀಪಾವಳಿಯ ಹೊತ್ತಿಗೆ. ಹಡಗಿನಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ಸಿಂಗಾಪುರದಿಂದ ತಂದುಕೊಟ್ಟಿದ್ದ. ಅಕ್ಕಿ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ, ಮುಚ್ಚಳದಲ್ಲೊಂದು ಗಾಜಿನ ಕಿಟಕಿ, ಒಳಗೊಂದು ಪಾತ್ರೆ, ಪಾತ್ರೆಯ ತಳದಲ್ಲಿ ಹೆಬ್ಬೆರಳುದ್ದದ ಒಂದು ರೆಕ್ಕೆ. ಆ ರೆಕ್ಕೆ ತಿರುಗಿದರೆ ಹಿಟ್ಟು ತಾನಾಗಿ ಕಲಸಿಕೊಳ್ಳುತ್ತದೆ. ಪರಿಮಳಾ ಎರಡು ಸಲ ಮಾಡಿ ನೋಡಿದಳು. ಮೊದಲ ಸಲ ಇಟ್ಟಿಗೆಯಂಥದ್ದು ಹೊರಗೆ ಬಂತು. ಎರಡನೇ ಸಲ ಹಿಟ್ಟು ಉಕ್ಕಿ ಮುಚ್ಚಳಕ್ಕೆ ಮೆತ್ತಿಕೊಂಡು, ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಯಂತ್ರ ಹಿತ್ತಲ ಜಗಲಿಯ ಮೂಲೆ ಸೇರಿತು.

ಮೂಲೆಯಿಂದ ಅದನ್ನು ಎತ್ತಿದವಳು ತನುಜಾ. ತ್ಯಾಗಲಿ ಹಳ್ಳಿಯ ಹುಡುಗಿ, ಪಿಯುಸಿವರೆಗೆ ಓದಿದವಳು, ಸಿದ್ದಾಪುರ ಪೇಟೆಯ ಲೈನ್‌ಮನ್ ಸುಭಾಷನ ಹೆಂಡತಿ. ಮದುವೆಯಾಗಿ ಮೂರು ವರ್ಷವಾಗಿತ್ತು. ಪರಿಮಳಾಳ ಮನೆಯ ಹಿಂದಿನ ಕೇರಿಯಲ್ಲೇ ಬಾಡಿಗೆಗಿದ್ದರು. ಬೆಳಗ್ಗೆ ಎಂಟಕ್ಕೆ ಬಂದು ಮಧ್ಯಾಹ್ನದವರೆಗೆ ಮನೆಗೆಲಸ ಮಾಡಿಕೊಡುತ್ತಿದ್ದಳು. ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಮನೆಗೆ ಒಯ್ದು, ಒಂದು ವಾರ ಕೂತು, ಅಕ್ಷರ ಅಕ್ಷರ ಬಿಡಿಸಿ ಓದಿದಳು. ಮೊದಲು ನೀರು, ಎಣ್ಣೆ, ಉಪ್ಪು, ಮೇಲೆ ಮೈದಾ, ಮೈದಾದ ನಡುವೆ ಗುಳಿ ಮಾಡಿ ಈಸ್ಟ್. ಉಪ್ಪೂ ಈಸ್ಟೂ ಒಂದಕ್ಕೊಂದು ತಾಗಬಾರದು. ಪುಸ್ತಕದಲ್ಲಿ ಇಲ್ಲದ್ದನ್ನು ಅವಳೇ ಕಂಡುಕೊಂಡಳು: ಮಳೆಗಾಲದಲ್ಲಿ ಇಲ್ಲಿಯ ಮೈದಾ ತಾನೇ ತೇವ ಹೀರಿರುತ್ತದೆ, ಪುಸ್ತಕ ಹೇಳಿದ್ದಕ್ಕಿಂತ ಎರಡು ಚಮಚ ನೀರು ಕಡಿಮೆ ಹಾಕಬೇಕು.

ಪುಸ್ತಕದ ಕೊನೆಯಲ್ಲಿ ಬೆಳ್ಳುಳ್ಳಿ ಕಡ್ಡಿ ಎಂಬ ತಿಂಡಿಯ ಚಿತ್ರವಿತ್ತು. ಯಂತ್ರ ಹಿಟ್ಟು ಕಲಸಿ ಹುದುಗಿಸಿ ಕೊಡುತ್ತದೆ, ಒಂದೂವರೆ ತಾಸು. ಅದನ್ನು ತಟ್ಟಿ, ಬೆರಳಗಲ ಕೊಯ್ದು, ಹೊಸೆದು, ಬೆಳ್ಳುಳ್ಳಿ ಜಜ್ಜಿ ಹಾಕಿದ ಬೆಣ್ಣೆ ಸವರಿ, ಮೇಲೆ ಯಾವುದೋ ಒಣಗಿದ ಸೊಪ್ಪು ಉದುರಿಸಿ ಓವನ್ನಿನಲ್ಲಿ ಬೇಯಿಸಬೇಕು. ಆ ಸೊಪ್ಪು ಶಿರಸಿಯಲ್ಲೂ ಸಿಗುವುದಿಲ್ಲ ಎಂದು ಪರಿಮಳಾ ಕೈಬಿಟ್ಟಿದ್ದಳು. ತನುಜಾ ಹಿತ್ತಲಿನ ದೊಡ್ಡಪತ್ರೆ ಕೊಯ್ದು, ನೆರಳಲ್ಲಿ ಒಣಗಿಸಿ, ಕಾಳುಮೆಣಸಿನ ತರಿಯ ಜೊತೆ ಉದುರಿಸಿದಳು. ಆ ದಿನ ಓವನ್ನಿನ ಬಾಗಿಲು ತೆಗೆದಾಗ ಎದುರು ಮನೆಯ ಅನಂತಮೂರ್ತಿ ಮೇಷ್ಟ್ರು ಪೇಪರು ಮಡಚಿ ಎದ್ದು ಬಂದರು.

"ಎಂತದೇ ಇದು ಪರಿಮಳಾ, ರಸ್ತೆವರೆಗೂ ಪರಿಮಳ!" ಎಂದು ನಕ್ಕರು.

ಅಲ್ಲಿಂದ ಬೆಳ್ಳುಳ್ಳಿ ಕಡ್ಡಿ ಊರಿನ ಸುದ್ದಿಯಾಯಿತು. ಬ್ಯಾಂಕಿನವರ ಮನೆ, ಡಾಕ್ಟರರ ಮನೆ, ಎಲ್ಲ ಕಡೆಯಿಂದ ಬೇಡಿಕೆ. ಪರಿಮಳಾ ಬಣ್ಣದ ಕಾಗದ ಸುತ್ತಿ ಕೊಡುತ್ತಿದ್ದಳು. ಯಾರಾದರೂ ಹೊಗಳಿದರೆ, "ನಂದೇ ಒಂದು ಪ್ರಯೋಗ" ಎನ್ನುತ್ತಿದ್ದಳು. ತನುಜಾಗೆ ಅದರ ಬಗ್ಗೆ ಬೇಸರವಿರಲಿಲ್ಲ. ಯಂತ್ರ ಅವರದ್ದು, ಮನೆ ಅವರದ್ದು. ಆದರೆ ಬಂದವರಲ್ಲಿ ಒಬ್ಬಿಬ್ಬರು ನೇರವಾಗಿ ಹಿತ್ತಲಿಗೆ ಬಂದು ತನುಜಾಳನ್ನೇ ಕೇಳತೊಡಗಿದರು, ಅವಳು ಬಾಯಿಪಾಠವಾಗಿ ಹೇಳುತ್ತಿದ್ದಳು. ಪರಿಮಳಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಮರುವರ್ಷ ನವೆಂಬರದಲ್ಲಿ ಒಂದು ದಿನ ಮಹಿಳಾ ಸಂಘದ ನಾಲ್ವರು ಕಲಿಯಲಿಕ್ಕೆಂದು ಬಂದರು. ಪರಿಮಳಾ ಹೊಸ ಸೀರೆಯುಟ್ಟು, ಅಳತೆಯ ಲೋಟ ಎಲ್ಲ ಸಾಲಾಗಿ ಇಟ್ಟು, ಯಂತ್ರದ ಮುಚ್ಚಳ ತೆಗೆದಳು. ಪಾತ್ರೆಯ ತಳದಲ್ಲಿ ರೆಕ್ಕೆ ಇರಲಿಲ್ಲ.

"ರೆಕ್ಕೆ ಎಲ್ಲಿ ತನುಜಾ?"

"ನಿನ್ನೆ ಬ್ರೆಡ್ಡಿನ ಜೊತಿಗೇ ಹೋಯ್ತೋ ಏನೋ ಅಮ್ಮಾ. ಒಂದೊಂದ್ಸಲ ತಳಕ್ಕೆ ಕಚ್ಕಂಡು ಬತ್ತದೆ ಹೇಳಿ ಪುಸ್ತಕದಲ್ಲಿ ಬರೆದದೆ. ನಿನ್ನೆ ತೆಗೆದವ್ರು ನೀವೇ ಅಲ್ದಾ?"

ನಾಲ್ವರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಪರಿಮಳಾಳ ಮುಖ ಕೆಂಪಾಯಿತು.

"ನಂಗೆ ಅಷ್ಟೂ ಗೊತ್ತಾಗದಿಲ್ವಾ? ನೀನಿಲ್ದೇ ನನ್ನ ಕೈಯಲ್ಲಿ ಆಗದಿಲ್ಲ ಹೇಳಿ ಇವ್ರೆದುರಿಗೆ ತೋರ್ಸಬೇಕಾಗಿತ್ತಾ ನಿಂಗೆ? ತಾ ನಿನ್ನ ಚೀಲ."

ತನುಜಾ ಕೊಡುವ ಮೊದಲೇ ಪರಿಮಳಾ ಗೂಟದಲ್ಲಿ ತೂಗುತ್ತಿದ್ದ ಚೀಲ ತೆಗೆದು ಜಗಲಿಯ ಮೇಲೆ ಸುರಿದಳು. ಊಟದ ಡಬ್ಬಿ, ಬಾಚಣಿಗೆ, ಮನೆಯ ಕೀಲಿಕೈ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪೊಟ್ಟಣ. ಪೊಟ್ಟಣ ಬಿಚ್ಚಿದಳು. ಒಳಗಿದ್ದದ್ದು ಒಗೆದು ಮಡಚಿಟ್ಟ ಹಳೆ ಬಟ್ಟೆ. ತಿಂಗಳ ದಿನ ಹತ್ತಿರ ಬಂದಾಗ ದಾರಿಯಲ್ಲಿ ಬೇಕಾದರೆ ಇರಲಿ ಎಂದು ತನುಜಾ ಇಟ್ಟುಕೊಳ್ಳುತ್ತಿದ್ದುದು.

ನಾಲ್ವರಲ್ಲಿ ವಯಸ್ಸಾದವಳೊಬ್ಬಳು, "ಅಯ್ಯೋ, ಹೊರಗಾದಾಗ್ಲೂ ಇಲ್ಲಿ ಹಿಟ್ಟು ಮುಟ್ಟತ್ತಾ ಇದು?" ಎಂದಳು. ಪರಿಮಳಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ತನುಜಾ ನೆಲದ ಮೇಲೆ ಕೂತು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು ಹೊರಟಳು. ಮರುದಿನ ಇನ್ನೆರಡು ಮನೆಯವರು, ಅವಳು ವಾರಕ್ಕೊಮ್ಮೆ ಕೆಲಸಕ್ಕೆ ಹೋಗುತ್ತಿದ್ದವರು, ಬೇಡವೆಂದು ಹೇಳಿ ಕಳಿಸಿದರು. ಕಳ್ಳಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಚೀಲದ ಕತೆ ಮಾತ್ರ ಕೇರಿಯೆಲ್ಲ ತಿರುಗಿತು. ಸುಭಾಷ ಕಂಬ ಹತ್ತಿದ್ದಾಗ ಕೆಳಗೆ ನಿಂತವರು ಏನೋ ಹೇಳಿ ನಕ್ಕರಂತೆ. ಅವನು ಮನೆಗೆ ಬಂದು ಊಟ ಮಾಡದೆ ಮಲಗಿದ.

ಎರಡು ತಿಂಗಳು ತನುಜಾ ಪರಿಮಳಾಳ ಮನೆಯ ರಸ್ತೆಯಲ್ಲಿ ನಡೆಯಲಿಲ್ಲ. ಪೇಟೆಗೆ ಸುತ್ತು ಹಾಕಿ ಹೋಗುತ್ತಿದ್ದಳು. ಅವಮಾನವಿತ್ತು, ಆದರೆ ಅದರೊಳಗೆ ಒಂದು ಅನುಮಾನವೂ ಇತ್ತು: ಪಾತ್ರೆ ತೊಳೆಯುವಾಗ ರೆಕ್ಕೆ ನನ್ನ ಕೈಯಿಂದಲೇ ಜಾರಿ ಬಚ್ಚಲಿಗೆ ಹೋಗಿದ್ದರೆ?

ಜನವರಿ ಕೊನೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅನಂತಮೂರ್ತಿ ಮೇಷ್ಟ್ರು ಸಿಕ್ಕಿದರು.

"ಎಂತಕ್ಕೆ ಕೆಲಸ ಬಿಟ್ಟೆ ತನುಜಾ? ನೀ ಬಿಟ್ಟ ಮೇಲೆ ಆ ಕಡ್ಡಿಗೆ ರುಚಿಯೇ ಇಲ್ಲೆ. ಆ ರೆಕ್ಕೆ ಗಲಾಟೆಯಾ? ಅದು ಆಗಲೇ ಮುಗೀತಲ್ಲ."

"ಎಂತ ಮುಗೀತು ಮೇಷ್ಟ್ರೇ?"

"ಪರಿಮಳಾ ನಮ್ಮನೆಗೆ ಕೊಟ್ಟ ಬ್ರೆಡ್ಡಿನ ತಳದಲ್ಲಿ ಸಿಕ್ಕಿ ಹಾಕ್ಕಂಡಿತ್ತು ಮಾರಾಯ್ತಿ. ಕಚ್ಚಿ ನನ್ನ ಕಟ್ಟಿಸಿದ ಹಲ್ಲೇ ಬಿರುಕು ಬಿಟ್ಟಿತು! ಮೂರನೇ ದಿನವೇ ಕೊಂಡುಹೋಗಿ ಅವಳ ಕೈಯಲ್ಲಿ ಕೊಟ್ಟೆ. ನಿಂಗೆ ಹೇಳಲಿಲ್ವಾ?"

ತನುಜಾ ಅವರ ಮುಖ ನೋಡುತ್ತ ನಿಂತಳು. ತ್ಯಾಗಲಿಯ ಬಸ್ಸು ಬಂದು ಹೋಯಿತು. ಮೂರನೇ ದಿನ. ಮೂರನೇ ದಿನವೇ ಪರಿಮಳಾಗೆ ಗೊತ್ತಿತ್ತು. ಎರಡು ತಿಂಗಳು ತಾನು ತಲೆ ತಗ್ಗಿಸಿ ಸುತ್ತು ದಾರಿಯಲ್ಲಿ ನಡೆಯುವಾಗ, ಪರಿಮಳಾ ಅದೇ ರೆಕ್ಕೆ ಸಿಕ್ಕಿಸಿ ಹಿಟ್ಟು ಕಲಸುತ್ತಿದ್ದಳು. ಅಳು ಬರಲಿಲ್ಲ. ಈವರೆಗೆ ಬಂದ ಅಳುವಿಗೆಲ್ಲ ಅವಳಿಗೆ ನಾಚಿಕೆಯಾಯಿತು.

ಫೆಬ್ರವರಿ ಎರಡನೇ ಶನಿವಾರ ಶಿರಸಿಯಲ್ಲಿ ಮಹಿಳಾ ಸಂಘಗಳ ಆಹಾರ ಮೇಳವಿತ್ತು. ಪರಿಮಳಾಳ ಬೆಳ್ಳುಳ್ಳಿ ಕಡ್ಡಿಗೆ ಒಂದು ಮಳಿಗೆ, ಮೇಲೆ ಅವಳ ಹೆಸರು ಬರೆದ ಬಟ್ಟೆ, ಉದ್ಘಾಟನೆಗೆ ಬಂದ ಅತಿಥಿಗಳಿಗೆಲ್ಲ ಅವಳದೇ ತಿಂಡಿ. ಇದನ್ನೂ ಮೇಷ್ಟ್ರೇ ಹೇಳಿದ್ದು. ನೂರೈವತ್ತು ಕಡ್ಡಿಯಾದರೂ ಬೇಕು, ಮೂರು ಗಂಟೆಗೆ ಕಾರು ಬರುತ್ತದೆ. ಒಂದು ಸಲಕ್ಕೆ ಯಂತ್ರ ಎರಡೂವರೆ ಡಜನ್ನಿಗಾಗುವಷ್ಟು ಹಿಟ್ಟು ಕೊಡುತ್ತದೆ. ಪರಿಮಳಾ ಬೆಳಗ್ಗೆ ಐದಕ್ಕೇ ಶುರುಮಾಡಬೇಕು.

ತನುಜಾ ಒಂದು ಕಾಗದದಲ್ಲಿ ಹೊತ್ತು ಬರೆದು ಗಂಡನ ಮುಂದಿಟ್ಟಳು.

"ಐದೂ ಮುಕ್ಕಾಲಿಗೆ ಒಂದ್ಸಲ ತೆಗೀರಿ. ಕಾಲು ತಾಸು ಬಿಟ್ಟು ಹಾಕಿ. ಹತ್ತು ನಿಮಿಷ ಕರೆಂಟಿಲ್ದಿದ್ರೆ ಆ ಯಂತ್ರಕ್ಕೆ ಎಲ್ಲಾ ಮರೆತುಹೋಗ್ತದೆ. ಮತ್ತೆ ಮೊದ್ಲಿಂದ ಕಲಸ್ತದೆ, ಉಬ್ಬಿದ ಹಿಟ್ಟು ಹಾಳಾಗ್ತದೆ. ಮತ್ತೆ ಏಳೂವರೆಗೆ. ಮತ್ತೆ ಒಂಬತ್ತಕ್ಕೆ."

ಸುಭಾಷ ಕಾಗದ ನೋಡಿದ. "ಒಂದು ಮನೆಗೆ ತೆಗೆಯೂಕೆ ಬರದಿಲ್ಲ. ಟ್ರಾನ್ಸ್‌ಫಾರ್ಮರಿನ ಫ್ಯೂಜ್ ಕಿತ್ರೆ ಇಪ್ಪತ್ತು ಮನೆಗೂ ಹೋಗ್ತದೆ."

"ಆ ಇಪ್ಪತ್ತು ಮನೆಗೂ ನನ್ನ ಚೀಲದಲ್ಲಿ ಎಂತ ಇತ್ತು ಹೇಳಿ ಗೊತ್ತಿತ್ತು. ಹೋಗ್ಲಿ."

"ನೌಕರಿ ಮೇಲೆ ಬಂದ್ರೆ?"

"ಕರೆಂಟು ದಿನಾ ಹೋಗ್ತದೆ. ಯಾರು ಕೇಳ್ತಾರೆ?"

ಸುಭಾಷ ಕಂಬದ ಕೆಳಗೆ ನಕ್ಕವರನ್ನು ನೆನೆದನೋ ಏನೋ, ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ.

ಶನಿವಾರ ಬೆಳಗ್ಗೆ ತನುಜಾ ರೇಡಿಯೋ ಹಚ್ಚಿ ಅದರೆದುರಿಗೇ ಅವಲಕ್ಕಿ ಆರಿಸುತ್ತ ಕೂತಳು. ಅವರ ಮನೆಗೂ ಅದೇ ಟ್ರಾನ್ಸ್‌ಫಾರ್ಮರಿನ ಕರೆಂಟು. ಐದೂ ಮುಕ್ಕಾಲಿಗೆ ರೇಡಿಯೋ ತಟ್ಟನೆ ನಿಂತಿತು. ಅವಳು ಕೈಯಲ್ಲಿದ್ದ ಅವಲಕ್ಕಿಯನ್ನು ಬಾಯಿಗೆ ಹಾಕಿಕೊಂಡು ನಿಧಾನ ಅಗಿದಳು. ಅಷ್ಟು ರುಚಿಯಾದದ್ದನ್ನು ಅವಳು ತಿಂಗಳುಗಳಿಂದ ತಿಂದಿರಲಿಲ್ಲ. ಏಳೂವರೆಗೆ ಮತ್ತೆ ನಿಂತಿತು. ಕಣ್ಣು ಮುಚ್ಚಿದರೆ ಎಲ್ಲ ಕಾಣುತ್ತಿತ್ತು: ಗಾಜಿನ ಕಿಟಕಿಯಲ್ಲಿ ಇಣುಕುವ ಪರಿಮಳಾ, ಕುಸಿದ ಹಿಟ್ಟು, ಹುಳಿ ವಾಸನೆ, ತಣ್ಣಗಾದ ಓವನ್ನು. ಒಂಬತ್ತಕ್ಕೆ ನಿಂತಾಗ ಮುಂದಿನ ರಸ್ತೆಯಿಂದ ಪರಿಮಳಾಳ ಧ್ವನಿ ಕೇಳಿಸಿತು. "ಈ ಕರೆಂಟಿನವ್ರಿಗೆ ಎಂತ ಬಂತು ಇವತ್ತು! ಇವ್ರ ಮನೆ ಹಾಳಾಗ!"

ತನುಜಾಳ ನಗು ಅಲ್ಲಿಗೇ ನಿಂತಿತು.

ಕರೆಂಟಿನವರಿಗೆ ಬೈಯುತ್ತಿದ್ದಾಳೆ. ನಾಳೆ ಕೇಳಿದವರಿಗೂ ಅದನ್ನೇ ಹೇಳುತ್ತಾಳೆ, ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ. ಇದು ಯಾಕೆ ಬಂತೆಂದು ಅವಳಿಗೆ ಎಂದೂ ತಿಳಿಯುವುದಿಲ್ಲ. ತನುಜಾ ಅವಲಕ್ಕಿಯ ಮೊರ ಬದಿಗೆ ಸರಿಸಿದಳು. ಬಾಯಲ್ಲಿದ್ದ ರುಚಿ ಹೋಗಿತ್ತು.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಪರಿಮಳಾ ನಿಂತಿದ್ದಳು. ಮೊಣಕೈವರೆಗೆ ಹಿಟ್ಟು, ತಲೆ ಕೆದರಿತ್ತು. ಈ ಕೇರಿಗೆ ಅವಳು ಬಂದದ್ದು ಅದೇ ಮೊದಲು.

"ತನುಜಾ, ಬಾರೇ ಮಾರಾಯ್ತಿ, ಕೈಯಲ್ಲಾದ್ರೂ ಕಲಸಿಕೊಡು. ಮೂರು ಸಲದ ಹಿಟ್ಟು ಹಾಳಾತು. ನಂಗೆ ಕೈಯಲ್ಲಿ ನಾದಿ ಗೊತ್ತಿಲ್ಲೆ. ಹಿಂದಿಂದೆಲ್ಲ ಮನಸ್ಸಲ್ಲಿ ಇಟ್ಕಳಡ."

ತನುಜಾ ಹೊಸ್ತಿಲ ಒಳಗೇ ನಿಂತಿದ್ದಳು. ಅಕ್ಕಪಕ್ಕದ ಮನೆಯ ಹೆಂಗಸರು ನೀರಿನ ಕೊಡ ಕೆಳಗಿಟ್ಟು ನೋಡುತ್ತಿದ್ದರು.

"ರೆಕ್ಕೆ ಸಿಕ್ತಾ ಅಮ್ಮಾ?"

"ಅದಾ? ತಮ್ಮ ಹೊಸದು ಕಳಿಸ್ದ."

ಆ ಒಂದು ಮಾತು ಬೇರೆ ಇದ್ದಿದ್ದರೆ ತಾನು ಹೋಗಿ ಕಲಸಿಕೊಡುತ್ತಿದ್ದೆನೇನೋ ಎಂದು ತನುಜಾ ಆಮೇಲೆ ಬಹಳ ಸಲ ಯೋಚಿಸಿದ್ದಾಳೆ. ಆಗ ಯೋಚಿಸಲಿಲ್ಲ.

"ಹಾಗಾರೆ ಅನಂತಮೂರ್ತಿ ಮೇಷ್ಟ್ರ ಹಲ್ಲು ಒಡೆದದ್ದು ಯಾವ್ದು?"

ಪರಿಮಳಾ ಕೊಡ ಇಟ್ಟು ನಿಂತವರತ್ತ ಒಮ್ಮೆ ತಿರುಗಿ ನೋಡಿದಳು.

"ಮೂರನೇ ದಿನಕ್ಕೇ ಗೊತ್ತಿತ್ತು ನಿಮ್ಗೆ. ನನ್ನ ಬಟ್ಟೆ ನಾಲ್ಕು ಜನರೆದುರಿಗೆ ಬಿಚ್ಚಿದ್ರಿ. ಆ ನಾಲ್ಕು ಜನರ ಹತ್ರ, ಅವ್ಳು ತೆಗ್ದಿರಲಿಲ್ಲ ಹೇಳಿ ಒಂದು ಮಾತು ಹೇಳಿ ಬನ್ನಿ. ಈಗ ಹೋಗಿ ಹೇಳಿದ್ರೂ ಸಾಕು. ನೂರೈವತ್ತಲ್ಲ, ಮುನ್ನೂರು ಕಡ್ಡಿಗೆ ಕಲಸಿಕೊಡ್ತೆ."

"ಇವತ್ತು ಅದೆಲ್ಲ ಹೇಳ್ತಾ ಕೂರೂಕೆ ಹೊತ್ತೆಲ್ಲಿದ್ದೇ? ಮೊದ್ಲೇ ಈ ಹಾಳು ಕರೆಂಟಿನವ್ರು—"

"ಕರೆಂಟಿನವ್ರಿಗೆ ಬೈಬೇಡಿ. ಕರೆಂಟು ಹೋದದ್ದಲ್ಲ. ನಾನು ತೆಗೆಸಿದ್ದು."

ಕೊಡ ಇಟ್ಟುಕೊಂಡು ನಿಂತವರು ಇನ್ನಷ್ಟು ಹತ್ತಿರ ಬಂದರು. ಪರಿಮಳಾಳ ಕಣ್ಣು ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ ದೊಡ್ಡದಾಯಿತು. ತನುಜಾ ಅದನ್ನು ಬಿಡದೆ ನೋಡಿದಳು. ಬೆಳಗಿನಿಂದ ಬೇಕಾಗಿದ್ದದ್ದು ಇದೇ.

"ನಿನ್ನ ಗಂಡನ ನೌಕರಿ ತೆಗೆಸ್ತೆ ನೋಡು."

"ತೆಗೆಸಿ. ಯಾಕೆ ಹೇಳಿ ಕೇಳ್ತಾರೆ. ಅದನ್ನೂ ದೂರಿನಲ್ಲಿ ಬರೀಬೇಕಾಗ್ತದೆ ನೀವು."

ಆ ಸಂಜೆ ಶಿರಸಿಯ ಮೇಳದಲ್ಲಿ ಪರಿಮಳಾ ಬೇಕರಿಯ ಬ್ರೆಡ್ಡು ಉದ್ದಕ್ಕೆ ಕೊಯ್ದು ಬೆಳ್ಳುಳ್ಳಿ ಬೆಣ್ಣೆ ಸವರಿ ಇಟ್ಟಳಂತೆ. ಸಿದ್ದಾಪುರದಿಂದ ಹೋದವರು ತಿಂದು ಮುಖ ಮುಖ ನೋಡಿಕೊಂಡರಂತೆ.

ಸೋಮವಾರ ದೂರು ಹೋಯಿತು. ಸುಭಾಷನನ್ನು ಕಚೇರಿಗೆ ಕರೆಸಿದರು. ಅವನು ಸುಳ್ಳು ಹೇಳಲಿಲ್ಲ. ಯಾಕೆ ಮಾಡಿದೆ ಎಂದು ಸಾಹೇಬರು ಕೇಳಿದಾಗ ರೆಕ್ಕೆಯ ಕತೆ ಹೊರಗೆ ಬಂತು. ಅನಂತಮೂರ್ತಿ ಮೇಷ್ಟ್ರು ತಾವಾಗಿಯೇ ಬಂದು, ಹಲ್ಲಿನ ಸೆಟ್ಟು ತೆಗೆದು ಬಿರುಕು ತೋರಿಸಿದರಂತೆ. ಕಚೇರಿಯಿಂದ ಚಹದಂಗಡಿಗೆ, ಅಲ್ಲಿಂದ ಸಂಘಕ್ಕೆ ಸುದ್ದಿ ಹೋಗಲು ಎರಡು ದಿನ ಬೇಕಾಗಲಿಲ್ಲ. ಅವತ್ತು ಜಗಲಿಯಲ್ಲಿದ್ದ ನಾಲ್ವರಲ್ಲಿ ಒಬ್ಬಳು, ನಕ್ಕಿದ್ದವಳು, ತನುಜಾಳ ಮನೆವರೆಗೆ ಬಂದು "ನಮ್ಗೆ ಗೊತ್ತಿರ್ಲಿಲ್ಲೆ ತಂಗಿ" ಎಂದಳು. ತನುಜಾ ಕುಳಿತುಕೊಳ್ಳಿ ಎನ್ನಲಿಲ್ಲ.

ಸುಭಾಷನ ನೌಕರಿ ಹೋಗಲಿಲ್ಲ. ಯಲ್ಲಾಪುರ ತಾಲೂಕಿನ ಕಿರವತ್ತಿಗೆ ಎತ್ತಿ ಹಾಕಿದರು. ಹೆದ್ದಾರಿಯ ಬದಿಯ ಊರು, ಕಾಡಿನೊಳಗೆ ಮೈಲುಗಟ್ಟಲೆ ತಂತಿ, ಗಾಳಿ ಬೀಸಿದರೆ ಮರ ಬಿದ್ದಿತೆಂದು ಓಡಬೇಕು. ಸುಭಾಷ ಮೊದಲ ಮೂರು ತಿಂಗಳು ಹೆಂಡತಿಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದ. ಅವನಿಗೆ ಸಿದ್ದಾಪುರ ಬಿಟ್ಟದ್ದು ನೋವಾಗಿತ್ತು. ಅವನ ಗೆಳೆಯರು ಅಲ್ಲಿದ್ದರು. ತನುಜಾ ಒಂದು ಧಾಬಾದಲ್ಲಿ ಬೆಳಗಿನ ಹೊತ್ತು ಹಿಟ್ಟು ನಾದುವ ಕೆಲಸ ಹಿಡಿದಳು. ಯಂತ್ರವಿಲ್ಲ, ಅಗಲ ತಟ್ಟೆಯಂಥ ದೊಡ್ಡ ಪರಾತಿನಲ್ಲಿ ಕೈಯಲ್ಲೇ. ತಂದೂರಿ ಒಲೆಯ ಗೋಡೆಗೆ ಬೆಳ್ಳುಳ್ಳಿ ಕಡ್ಡಿ ಅಂಟಿಸಿ ನೋಡಿದಳು, ಮೊದಲ ದಿನ ಎಲ್ಲವೂ ಕೆಂಡಕ್ಕೆ ಬಿದ್ದವು.

ಮಳೆಗಾಲ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಊಟ ಮಾಡುತ್ತಾ ಸುಭಾಷ ಕೇಳಿದ.

"ಅವತ್ತು ನೀ ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಹಿಟ್ಟು ಹೆಂಗೂ ಹಾಳಾಗಿತ್ತು. ಹೇಳೂಕೆ ಎಂತಕ್ಕೆ ಹೋದೆ?"

ತನುಜಾ ಅವನ ತಟ್ಟೆಗೆ ಸಾರು ಬಡಿಸಿದಳು.

"ಹಿಟ್ಟು ಹಾಳು ಮಾಡೂಕೆ ಮಾಡಿದ್ದಲ್ಲ ನಾನು."

"ಮತ್ತೆ?"

"ಅವ್ಳಿಗೆ ಗೊತ್ತಾಗ್ಬೇಕಿತ್ತು."

ಸುಭಾಷ ಅನ್ನಕ್ಕೆ ಸಾರು ಕಲಸಿಕೊಂಡ. ಅವಳು ಹೇಳಿದ್ದು ಸರಿಯೆಂದು ಅವನಿಗೆ ಅನಿಸಿರಲಿಲ್ಲ, ತನ್ನ ನೌಕರಿಯ ಬಗ್ಗೆ ಅವಳು ಆ ಹೊತ್ತಿನಲ್ಲಿ ಯೋಚಿಸಲಿಲ್ಲವೆಂಬ ಸಿಟ್ಟು ಇನ್ನೂ ಇತ್ತು. ತನುಜಾಗೂ ಅದು ಗೊತ್ತಿತ್ತು. ಅವನಿಗೆ ಅನ್ಯಾಯವಾಯಿತೆಂದು ಅವಳಿಗೆ ದುಃಖವಾಗುತ್ತಿತ್ತು. ಆದರೆ ಹೊಸ್ತಿಲಾಚೆ ಹಿಟ್ಟಿನ ಕೈ ಇಳಿಬಿಟ್ಟು ನಿಂತ ಪರಿಮಳಾಳ ಮುಖ ನೆನಪಾದಾಗಲೆಲ್ಲ, ಎಷ್ಟು ಪ್ರಯತ್ನಪಟ್ಟರೂ, ಪಶ್ಚಾತ್ತಾಪ ಮಾತ್ರ ಬರುತ್ತಿರಲಿಲ್ಲ.