ಮೂವತ್ತೆಂಟು ಸಾಲು

ಟಕಟಕಟಕ ಟಕ್ — ಇದು ಒಂದನೇ ನಂಬರಿನ ಟೈಪ್ ಮಿಷನು, ಕುಸುಮಳ ಕೈ, ಓಡುತ್ತಾಳೆ, ಎಡವುತ್ತಾಳೆ, ಮತ್ತೆ ಓಡುತ್ತಾಳೆ, ಇರಲಿ, ಹತ್ತೊಂಬತ್ತು ವರ್ಷದವಳು, ಈ ಸಲವಲ್ಲದಿದ್ದರೆ ಬರುವ ಸಲ — ಅದರಾಚೆಯದು ಬೈಂದೂರಿನವರು ತಂದದ್ದು, ಎಣ್ಣೆ ಕಾಣದೆ ಕಿರುಗುಟ್ಟುತ್ತಿದೆ, ಈ ಉಪ್ಪುಗಾಳಿಯ ಊರಿನಲ್ಲಿ ವಾರಕ್ಕೊಮ್ಮೆ ಎಣ್ಣೆ ಬಿಡದಿದ್ದರೆ ಮತ್ತೇನಾಗುತ್ತದೆ — ನನ್ನ ನಾಲ್ಕನೇ ನಂಬರು ಎಲ್ಲಿ, ಗುಲಾಬಿಯ ಸದ್ದು ಎಲ್ಲಿ, ಶುರು ಎಂದು ಪರೀಕ್ಷೆಯ ಸಾಹೇಬರು ಮೇಜು ಕುಟ್ಟಿ ಆಗಲೇ ಕಾಲು ನಿಮಿಷವಾಯಿತಲ್ಲ, ಹಾಂ, ಬಂತು, ಟಕ್, ಟಕ್, ಟಕ್, ಅಯ್ಯೋ, ಇದೆಂಥ ಸದ್ದು, ಇದು ಗುಲಾಬಿಯ ಕೈಯೇ ಅಲ್ಲ, ಇದು ನಾನು ಕಲಿಸಿದ ಕೈ. ಹತ್ತು ನಿಮಿಷ, ಮೂವತ್ತೆಂಟು ಸಾಲು, ಪ್ರತಿ ಸಾಲಿನ ತುದಿಗೆ ಮಿಷನಿನ ಗಂಟೆ ಒಂದು ಸಲ ಹೊಡೆಯುತ್ತದೆ, ಮೂವತ್ತೆಂಟು ಸಲ ಹೊಡೆದರೆ ನಿಮಿಷಕ್ಕೆ ನಲವತ್ತೈದು ಶಬ್ದ, ಸೀನಿಯರ್ ಪಾಸು, ಮೂವತ್ತೇಳು ಹೊಡೆದರೂ ಇಲ್ಲ — ಟಣಕ್ — ಒಂದು, ಅದು ಅವಳದೇ, ನಾಲ್ಕನೇ ನಂಬರಿನ ಗಂಟೆ ಬಿರುಕು ಬಿಟ್ಟದ್ದು, ಸಾವಿರದಲ್ಲಿ ಗುರುತು ಹಿಡಿಯುತ್ತೇನೆ, ಬೆಳಿಗ್ಗೆ ಕೈಗಾಡಿಯಲ್ಲಿ ಆರು ಮಿಷನು ಹೇರಿಕೊಂಡು ಬರುವಾಗ ಹೊಂಡಕ್ಕೆ ಬಿದ್ದಾಗಲೆಲ್ಲ ಅದೊಂದೇ ಟಣಕ್ ಎನ್ನುತ್ತಿತ್ತು. ಮಿಷನು ತಂದ ಮಾಸ್ಟ್ರುಗಳೆಲ್ಲ ಶಾಲೆಯ ಜಗಲಿಯಲ್ಲೇ ಇರಬೇಕು, ಏನಾದರೂ ಕೆಟ್ಟರೆ ಕರೆಯುತ್ತಾರೆ, ಕರೆಯದೆ ಒಳಗೆ ಕಾಲಿಡುವ ಹಾಗಿಲ್ಲ. ಕಿಟಕಿಯಿಂದ ಅವಳ ಬೆನ್ನು ಕಾಣುತ್ತದೆ, ಮೊಣಕೈ ಕಾಣುತ್ತದೆ, ಕೈ ಕಾಣುವುದಿಲ್ಲ. ಮುಂದಿನ ಪರೀಕ್ಷೆಗೆ ಆರು ತಿಂಗಳು, ಅಷ್ಟರಲ್ಲಿ ಅವಳಿಗೆ ಇಪ್ಪತ್ತೈದು ದಾಟುತ್ತದೆ, ದಾಟಿದವರ ಅರ್ಜಿಯನ್ನು ಸರಕಾರಿ ಕಚೇರಿಯವರು ಮುಟ್ಟುವುದೂ ಇಲ್ಲ, ಮತ್ತೆ ಅವಳ ಅಣ್ಣ ಚಂದಯ್ಯ ನನ್ನ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಕೆಳಗೆ ನಿಂತು ಹೇಳಿದ್ದನಲ್ಲ, ಈ ಸಲ ಆಯ್ತಾ ಸೈ ಮಾಸ್ಟ್ರೆ, ಇಲ್ದಿರೆ ಬೊಂಬಾಯಿಗೆ ಹತ್ಸುದೇ, ಗಂಡ ಬದ್ಕಿಪ್ಪತಿಗೆ ತಂಗಿನ್ ಮನಿಯಂಗೆ ಕೂರ್ಸ್ಕಂಡ್ರೆ ನಾಲ್ಕ್ ಜನ ಎಂತ ಅಂಬ್ರ್? ನಾಲ್ಕು ಜನ! ಅವಳ ಮೊಣಕೈಯ ಮೇಲೆ ಬೊಂಬಾಯಿ ಹೋಟೆಲಿನ ಕಾದ ಸೌಟಿನ ಗುರುತಿದೆ, ಗಂಡ ಇಟ್ಟದ್ದು, ಅದನ್ನು ಆ ನಾಲ್ಕು ಜನ ನೋಡಿಲ್ಲ, ನಾನು ನೋಡಿದ್ದೇನೆ, ರಿಬ್ಬನ್ ಹಾಕುವಾಗ ರವಿಕೆಯ ತೋಳು ಸರಿದಿತ್ತು, ಅವಳು ಕೂಡಲೇ ಎಳೆದುಕೊಂಡಳು.

ಟಣಕ್, ಟಣಕ್ — ಐದು, ಇಷ್ಟರೊಳಗೆ ಎಂಟಾಗಬೇಕಿತ್ತು. ಹೆಮ್ಮಾಡಿಯ ಸೇವಂತಿಗೆ ಗದ್ದೆಯ ಹೆಣ್ಣು, ಬಂದ ಮೊದಲ ದಿನವೇ ಮಿಷನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರಲು ನೋಡಿದಳು, ಸ್ಟೂಲಿನ ಮೇಲೆ! ಕಾಲು ಕೆಳಗೆ ಬಿಡು ಮಾರಾಯ್ತಿ ಎಂದೆ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಹೂ ಕಟ್ಟುಕೆ ಕೂಕಂಡಂಗಾಯ್ತ್ ಮಾಸ್ಟ್ರೆ. ಹೂ ಕಟ್ಟುವವರು ಮೂರು ಬೆರಳಲ್ಲಿ ಕಟ್ಟುತ್ತಾರೆ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಳಿದೆರಡನ್ನು ಮೇಲೆತ್ತಿಕೊಳ್ಳುತ್ತಾರೆ, ತಾಗಿದರೆ ದಳ ಬಾಡುತ್ತದೆ ಎಂದು, ಏಳನೇ ವಯಸ್ಸಿನಿಂದ ಎತ್ತಿದ ಬೆರಳು ಅವು, ಕೀಲಿಯ ಮೇಲೆ ಬಾ ಅಂದರೆ ಬರುತ್ತವೆಯೇ? ಹಾಗೇ ಎತ್ತಿಕೊಂಡೇ ಹೊಡೆಯುತ್ತಿದ್ದಳು, ಒಂದೊಂದು ಕೈಗೆ ಮೂರೇ ಬೆರಳು, ತೋರುಬೆರಳು ಎಡತುದಿಯಿಂದ ಬಲತುದಿಯವರೆಗೆ ಎಲ್ಲಿ ಬೇಕೆಂದರಲ್ಲಿ ಓಡುತ್ತಿತ್ತು, ಕೀಲಿ ನೋಡುತ್ತಿರಲಿಲ್ಲ, ನಾನು ತಗಡಿನ ಮುಚ್ಚಳ ಹಾಕಿದೆ, ಅದಕ್ಕೂ ಜಗ್ಗಲಿಲ್ಲ, ಬಾಗಿಲಲ್ಲಿ ಬಂದವರ ಹತ್ತಿರ ಮಾತಾಡುತ್ತಲೇ ಪುಟ ಮುಗಿಸುತ್ತಿದ್ದಳು. ಇದೆಂತ ಕೋಳಿ ಕಾಳು ಹೆಕ್ಕಿದ ಹಾಗೆ ಎಂದು ಬೈದೆ. ಕೋಳಿ ಎಂದೆನಲ್ಲ ನಾನು, ಜೂನಿಯರ್ ಪರೀಕ್ಷೆಯಲ್ಲಿ ಆ ಕೋಳಿ ನನ್ನ ಇಡೀ ಇನ್‌ಸ್ಟಿಟ್ಯೂಟಿಗೇ ಮೊದಲು ಬಂತು. ಮತ್ತೆ ಆ ವಕೀಲರ ಅರ್ಜಿಯ ದಿನ — ಒಂದೇ ಅರ್ಜಿ, ಎರಡು ಪುಟ, ಬೇಗ ಆಗಲಿ ಎಂದು ಒಂದು ಪುಟ ನಾನು, ಒಂದು ಪುಟ ಅವಳು, ಅಕ್ಕಪಕ್ಕದ ಮಿಷನು, ನಾನು ಇನ್ನೂ ಅರ್ಧಕ್ಕೆ ಬಂದಿಲ್ಲ, ಅವಳು ಹಾಳೆ ಎಳೆದು ಮಡಿಲಲ್ಲಿಟ್ಟುಕೊಂಡು, ನಂದ್ ಆಯ್ತ್, ನಿಮ್ದ್ ಎಂತಾಯ್ತ್ ಮಾಸ್ಟ್ರೆ? ಕುಸುಮ ಬಾಯಿಗೆ ಸೆರಗು ಒತ್ತಿಕೊಂಡಳು. ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿರುವವನು ನಾನು, ಮಂಗಳೂರಿನಲ್ಲಿ ಗುರುಗಳ ರೂಲುದೊಣ್ಣೆಯ ಪೆಟ್ಟು ತಿಂದು ಕಲಿತ ಹತ್ತು ಬೆರಳು, ಐವತ್ತು ದಾಟದ ಹತ್ತು ಬೆರಳು, ಈ ಹೂ ಕಟ್ಟುವವಳು ಅರವತ್ತು ಹೊಡೆಯುತ್ತಾಳೆ, ಅದೂ ತಪ್ಪಿಲ್ಲದೆ. ಹೇಳು ಲೀಲಾಧರಾ, ಈಗ ಇಲ್ಲಿ ಯಾರೂ ಕೇಳುವವರಿಲ್ಲ, ಅವತ್ತು ನಿನಗೆ ಸಂತೋಷವಾಯಿತೋ? ಇಲ್ಲ. ಹೊಟ್ಟೆ ಉರಿಯಿತು. ಮನೆಗೆಂದು ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳು ಕುಟ್ಟಿಕೊಂಡೇ ಹೋದೆ, ಪಕ್ಕದವರು ಎಂತ ಮಾಸ್ಟ್ರೆ ಕೈ ನೋವಾ ಎಂದು ಕೇಳಿದರು.

ಆಮೇಲೆ ಹೇಳಿದ್ದು ಆ ಮಾತು, ಮಾರನೇ ದಿನವೇ — ಒಂಬತ್ತು, ಹತ್ತು — ಎಷ್ಟು ನಿಧಾನ — ಗುಲಾಬಿ, ಜೂನಿಯರಿನಲ್ಲಿ ನಡೆಯಿತು, ಸೀನಿಯರಿನಲ್ಲಿ ನಡೆಯುವುದಿಲ್ಲ, ಸಾಹೇಬರು ಬೆನ್ನ ಹಿಂದೆ ನಿಂತು ಬೆರಳು ನೋಡುತ್ತಾರೆ, ಬೆರಳು ತಪ್ಪಿದರೆ ಮಾರ್ಕು ಕಳೆಯುತ್ತಾರೆ. ಎಲ್ಲಿಂದ ಬಂತು ಅದು ನನ್ನ ಬಾಯಿಗೆ? ಯಾವ ಪುಸ್ತಕದಲ್ಲಿದೆ? ಹಾಳೆ ಒಂದನ್ನೇ ನೋಡುವುದು, ಮೇಲೆ ಎಲ್ಲೋ ಕೂತವರು ಹಾಳೆ ತಿದ್ದುತ್ತಾರೆ, ಅದನ್ನು ಹೊಡೆದದ್ದು ಕೈಯೋ ಕಾಲೋ ಅವರಿಗೇನು ಗೊತ್ತು. ಅವಳ ಮುಖ ಇಳಿದದ್ದು ನೆನಪಿದೆ, ಹೌದಾ ಮಾಸ್ಟ್ರೆ, ಅಷ್ಟ್ ಕಾಣ್ತ್ರಾ, ಹಂಗಾರೆ ಕಲೂಕೇ ಬೇಕ್. ಕಲಿತಳು, ಪಾಪ, ಮಳೆಗಾಲವಿಡೀ ಕಲಿತಳು, ಕಿರುಬೆರಳಿಗೆ ಬಲವಿಲ್ಲ, ಎಡತುದಿಯ ‘ಎ’ ಅದರ ಪಾಲಿಗೆ ಬರುತ್ತದೆ, ಇಂಗ್ಲಿಷಿನಲ್ಲಿ ‘ಎ’ ಇಲ್ಲದ ಸಾಲುಂಟೇ, ಪುಟವಿಡೀ ‘ಎ’ ಮಾತ್ರ ಮಸುಕು ಮಸುಕು, ಅರವತ್ತು ಹೋಯಿತು, ಐವತ್ತು ಹೋಯಿತು, ಮೂವತ್ತಕ್ಕೆ ಬಂದು ನಿಂತಿತು, ಬತ್ತಿಲ್ಲೆ ಮಾಸ್ಟ್ರೆ, ಬೆರ್ಳಿಗೂ ನಂಗೂ ಹೊಯ್ಕೈ ಮಾತ್ರ ಆತ್, ವೇಗ ಬತ್ತಿಲ್ಲೆ, ಎಂದು ಕಣ್ಣಲ್ಲಿ ನೀರು ತಂದುಕೊಂಡಾಗಲಾದರೂ ಹೇಳಬಹುದಿತ್ತು. ಬರುತ್ತದೆ, ಬರುತ್ತದೆ, ಬೆರಳು ಸರಿಯಾದರೆ ವೇಗ ತಾನಾಗಿ ಬರುತ್ತದೆ ಎಂದೆ, ಗುರುಗಳು ನನಗೆ ಹೇಳಿದ ಅದೇ ಮಾತು, ನನಗೂ ಬಾರದ ಅದೇ ವೇಗ. ಇವತ್ತು ಬೆಳಿಗ್ಗೆ, ಶಾಲೆಯ ಗೇಟಿನಲ್ಲಿ, ಕೈಗಾಡಿ ತಳ್ಳಲು ಅವಳೂ ಕೈಕೊಟ್ಟಿದ್ದಳು, ನಾವಿಬ್ಬರೇ ಇದ್ದೆವು, ಬಾಯಿ ತೆರೆದೆ, ಗುಲಾಬಿ, ನಿನ್ನ ಹಳೆಯ ಕೈಯಲ್ಲೇ ಹೊಡಿ ಮಗಾ, ಯಾರೂ ನೋಡುವುದಿಲ್ಲ, ನಾನು ಹೇಳಿದ್ದು ಸುಳ್ಳು — ಇಷ್ಟೇ, ಒಂದು ಉಸಿರಿನ ಮಾತು. ಆದರೆ ಸುಳ್ಳು ಎಂದರೆ ಯಾಕೆ ಹೇಳಿದಿರಿ ಎಂದು ಕೇಳುತ್ತಾಳಲ್ಲ, ಕೇಳಿದರೆ ಏನೆನ್ನಲಿ. ಮಿಷನು ಜೋಪಾನ, ಅಂದೆ.

ಹದಿನಾಲ್ಕು. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ. ಇನ್ನು ಐದು ನಿಮಿಷಕ್ಕೆ ಇಪ್ಪತ್ತನಾಲ್ಕು ಸಾಲು, ಆಗುತ್ತದೆ, ಗುಲಾಬಿಯ ಮೂರು ಬೆರಳಿಗೆ ಆಗುತ್ತದೆ, ಅರ್ಜಿಯ ದಿನ ನಿಮಿಷಕ್ಕೆ ಐದು ಸಾಲು ಹೊಡೆದವಳು — ಬಿಡು ಮಾರಾಯ್ತಿ, ಈ ಕಿರುಬೆರಳಿನ ಪಂಚಾಯ್ತಿಗೆ ಬೆಂಕಿ ಹಾಕು, ಓಡಿಸು. ಸಾಹೇಬರನ್ನಾದರೂ ನೋಡಬಾರದೇ, ಮೂಗಿನ ತುದಿಗೆ ಕನ್ನಡಕ ಇಳಿಸಿ ಪೇಪರು ಓದುತ್ತಿದ್ದಾರೆ, ಒಮ್ಮೆಯೂ ಕುರ್ಚಿ ಬಿಟ್ಟಿಲ್ಲ, ಆದರೆ ಅವಳು ತಲೆ ಎತ್ತುವುದಿಲ್ಲ, ತಲೆ ಎತ್ತಬಾರದು ಎಂದು ಕಲಿಸಿದವನೂ ನಾನೇ. ಕೂಗಿದರೆ? ಮಾತಾಡಿದರೆ ಅವಳನ್ನೇ ಎಬ್ಬಿಸಿ ಕಳುಹಿಸುತ್ತಾರೆ. ಕೆಮ್ಮುತ್ತೇನೆ, ಕೆಮ್ಮಿದರೆ ತಿರುಗಿ ನೋಡಿಯಾಳು, ನೋಡಿದರೆ ಕೈಯನ್ನು ಹೀಗೆ, ಮೂರು ಬೆರಳು ಮಾಡಿ ತೋರಿಸುತ್ತೇನೆ, ಅರ್ಥವಾಗುತ್ತದೆ, ಬುದ್ಧಿವಂತೆ. ಕೆಮ್ಮಿದೆ. ಇನ್ನೊಮ್ಮೆ, ಗಟ್ಟಿಯಾಗಿ. ಸಾಹೇಬರು ಪೇಪರಿನ ಮೇಲಿಂದ ನೋಡಿದರು, ಕುಸುಮ ನೋಡಿದಳು, ಗುಲಾಬಿ ನೋಡಲಿಲ್ಲ, ಗುಲಾಬಿಯ ಬೆನ್ನು ನೆಟ್ಟಗಾಯಿತು, ಮೊಣಕೈ ಪಕ್ಕೆಗೆ ಅಂಟಿತು, ಟಕ್... ಟಕ್... ಮೊದಲಿಗಿಂತ ನಿಧಾನ — ಅಯ್ಯಯ್ಯೋ, ಎಂತ ಮಾಡಿಬಿಟ್ಟೆ, ತರಗತಿಯಲ್ಲಿ ಯಾರ ಬೆರಳು ತಪ್ಪಿದರೂ ನಾನು ಮಾಡುವುದು ಅದನ್ನೇ ಅಲ್ಲವೇ, ಹೆಸರು ಹಿಡಿದು ಬೈಯುವುದಿಲ್ಲ, ಬೆನ್ನ ಹಿಂದೆ ನಿಂತು ಕೆಮ್ಮುತ್ತೇನೆ, ಮಕ್ಕಳೆಲ್ಲ ಕೂಡಲೇ ಬೆರಳು ಸರಿಮಾಡಿಕೊಳ್ಳುತ್ತಾರೆ, ಅವಳೂ ಸರಿಮಾಡಿಕೊಂಡಳು. ಟಣಕ್. ಹದಿನೇಳು. ಈಗ ನಿಜವಾದ ಕೆಮ್ಮೇ ಬರುತ್ತಿದೆ, ಬಾಯಿ ಮುಚ್ಚಿಕೊಂಡು ಜಗಲಿಯ ತುದಿಗೆ ಹೋಗಿ ನಿಂತೆ, ಅಲ್ಲಿಗೂ ಕೇಳುತ್ತದೆ, ಇಪ್ಪತ್ತು, ಇಪ್ಪತ್ತೊಂದು, ಕಿವಿ ಮುಚ್ಚಿಕೊಂಡರೂ ಎಣಿಕೆ ತಪ್ಪುವುದಿಲ್ಲ, ಇನ್ನು ಆಗುವುದಿಲ್ಲ ಎಂದು ಗೊತ್ತಾದ ಮೇಲೂ ಎಣಿಸುತ್ತಿದ್ದೇನೆ.

ಇಪ್ಪತ್ತಾರು, ಮೇಜು ಕುಟ್ಟಿದರು, ನಿಲ್ಲಿಸಿ ಎಂದರು, ಎಲ್ಲ ಸದ್ದೂ ನಿಂತಿತು. ಹಾಳೆ ತೆಗೆದುಕೊಳ್ಳುತ್ತಿದ್ದಾರೆ, ಬೆಂಚು ಸರಿಯುತ್ತಿದೆ, ಕುಸುಮ ಅಳುಮೋರೆ ಹಾಕಿ ಹೊರಗೆ ಬಂದಳು, ಹೋದಳು, ಅವಳ ಹಿಂದೆ ಗುಲಾಬಿ, ಇವಳು ಅಳುತ್ತಿಲ್ಲ, ನಗುತ್ತಿದ್ದಾಳೆ, ಬೆವರಿದ ಮುಖದ ತುಂಬ ನಗು, ನನ್ನ ಕಡೆಗೇ ಬರುತ್ತಿದ್ದಾಳೆ, ಓಡುತ್ತಲೇ ಬರುತ್ತಿದ್ದಾಳೆ. ಮಾಸ್ಟ್ರೆ, ಹತ್ತ್ ಬೆರ್ಳಂಗೂ ಹೊಡ್ದೆ ಕಾಣಿ, ಒಂದ್ ಸಲವೂ ಆಚೀಚೆ ಹೋಯ್ಲಿಲ್ಲೆ, ನೀವ್ ಕೆಮ್ಮದ್ದ್ ಕೇಣ್ತ್, ಮತ್ತೂ ಜಾಗ್ರತಿ ಮಾಡ್ದೆ. ಎಷ್ಟ್ ಸಾಲಾಯ್ತ್ ಅಂತ ಎಣ್ಸುಕೇ ಹೋಯ್ಲಿಲ್ಲೆ, ಎಣ್ಸಿರೆ ಬೆರ್ಳ್ ತಪ್ಪುತ್ತಲೆ. ಸಾಹೇಬ್ರ್ ನನ್ ಕೈ ಕಂಡ್ರಾ ಮಾಸ್ಟ್ರೆ? ಬರ್ಕಂಡ್ರಾ? ಕಂಡರು ಎಂದೆ. ಕಂಡರು ಗುಲಾಬಿ. ನನ್ನ ಬಾಯಿಯೇ ಹೇಳಿತು. ಹಂಗಾರೆ ಸೈ, ಎಂದು ಬಲಗೈಯನ್ನು ಬಾಯಿಗೆ ತಂದಳು, ಏನನ್ನೋ ಹಲ್ಲಿನಲ್ಲಿ ಕಚ್ಚಿ ಎಳೆದಳು, ನಾರು, ಬಾಳೆನಾರು, ಹೆಬ್ಬೆರಳಿಗೂ ತೋರುಬೆರಳಿಗೂ ಸೇರಿಸಿ ಕಟ್ಟಿಕೊಂಡಿದ್ದಾಳೆ, ಎರಡು ಕೈಗೂ, ತೋರುಬೆರಳು ತನ್ನ ಕೀಲಿ ಬಿಟ್ಟು ಓಡದ ಹಾಗೆ — ಆಷಾಢದಲ್ಲಿ ಒಂದು ವಾರ ಹಾಗೆ ಕಟ್ಟಿದವನು ನಾನು, ಕಟ್ಟಿ ಮರೆತವನು ನಾನು, ಅವಳು ಮರೆತಿಲ್ಲ, ಮನಿಯಂಗೆ ದಿನಾ ಕಟ್ಕಂಡೇ ಕಲ್ತದ್ದ್ ಮಾಸ್ಟ್ರೆ, ಇವತ್ತ್ ಕೂಡ ಹೆದ್ರಿಕಿ ಆಯ್ತ್, ಬೆರ್ಳ್ ಹಳೆ ಚಾಳಿಗ್ ಹೋಪುದೇನೋ ಅಂದೇಳಿ. ನಾರು ಬಿಚ್ಚಿತು, ಕೆಳಗೆ ಬಿತ್ತು, ಬೆರಳು ಊದಿದೆ, ಬುಡದಲ್ಲಿ ಸುತ್ತಲೂ ಕೆಂಪು ಗೆರೆ, ಅವಳು ಇನ್ನೇನೋ ಹೇಳುತ್ತಿದ್ದಾಳೆ, ಕಚೇರಿಯ ಅರ್ಜಿ, ಅಣ್ಣಯ್ಯ, ಮುಂದಿನ ತಿಂಗಳು, ಹೂಂ ಎನ್ನುತ್ತಿದ್ದೇನೆ, ಕೆಂಪು ಗೆರೆ, ಬಿಗಿದು ಬಿಗಿದು ಚರ್ಮ ಒಡೆದಿದೆ, ಆ ಬೆರಳನ್ನು ಅವಳು ಮಡಿಸಿ ಬಿಡಿಸಿ ಮಾಡುತ್ತಿದ್ದಾಳೆ, ಮಡಿಸಿ, ಬಿಡಿಸಿ, ಕೆಂಪು ಗೆರೆ