ಬಲಗೈಯ ಚುಕ್ಕಿ

"ಕೈ ಇಳಿಬಿಡಣ್ಣಾ. ಜೇಬಲ್ಲಿಟ್ಕೊಂಡ್ರೆ ಕ್ಯಾಮೆರಾಗೆ ಕಾಣಲ್ಲ."

"ಈ ದರಿದ್ರ ಬಟ್ಟೆಗೆ ಜೇಬೆಲ್ಲಿದೆಯೇ? ಅದನ್ನೇ ಹುಡುಕ್ತಿದ್ದೆ."

ಮೈಗಂಟಿದ ಕಪ್ಪು ಉಡುಪಿನಲ್ಲಿ ಅಣ್ಣ ಪ್ರಯೋಗಾಲಯದ ನಡುವೆ ನಿಂತಿದ್ದ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ ಎಂದು ಕೀಲಿದ್ದಲ್ಲೆಲ್ಲ ತಂಗಿ ಹೊಳೆಯುವ ಪುಟ್ಟ ಗೋಲಿಗಳನ್ನು ಅಂಟಿಸಿದ್ದಳು. ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡಿಕೊಂಡು ಬಣ್ಣ ಬಳಿಯುವವನು ಅವನು. ನಾಳೆಯಿಂದ ಊರಿನ ದೊಡ್ಡ ನೀರಿನ ಟ್ಯಾಂಕಿನ ಕೆಲಸ. ಅಷ್ಟರೊಳಗೆ ಬಂದು ಹೋಗು ಎಂದು ತಂಗಿ ಗೋಗರೆದು ಕರೆಸಿದ್ದಳು.

ಈ ಕ್ಯಾಮೆರಾಗಳಿಗೆ ಗೋಲಿಗಳ ಹೊರತು ಬೇರೇನೂ ಕಾಣುವುದಿಲ್ಲ. ನಿಂತ ಮನುಷ್ಯ ಪರದೆಯ ಮೇಲೆ ಬರೀ ಚೆಲ್ಲಿದ ಅಕ್ಕಿಕಾಳು. ಒಂದು ಹೆಜ್ಜೆ ಇಟ್ಟನೋ, ಯಾರು ನೋಡಿದರೂ ಇದು ಮನುಷ್ಯ ಎಂದುಬಿಡುತ್ತಾರೆ. ಆಗಷ್ಟೇ ಮೊಟ್ಟೆಯೊಡೆದು ಬಂದ ಕೋಳಿಮರಿ ಕೂಡ, ಲೋಕದಲ್ಲಿ ಏನನ್ನೂ ಕಂಡಿರದಿದ್ದರೂ, ಜೀವವಿರುವಂತೆ ನಡೆಯುವ ಚುಕ್ಕಿಗಳ ಕಡೆಗೇ ಹೋಗುತ್ತದೆ. ಇದು ಹೇಗೆ ಎನ್ನುವುದೇ ತಂಗಿಯ ಸಂಶೋಧನೆ. ಅದರ ಹುಚ್ಚಿನಲ್ಲಿ ಅವಳು ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ತಂದು ಇಲ್ಲಿ ನಡೆಸಿದ್ದಳು.

ಹೋದ ಸಲ ಅಣ್ಣನ ಬಲ ಮಣಿಕಟ್ಟಿನ ಚುಕ್ಕಿ ಹಿಂದೆ ಮುಂದೆ ತೂಗಿರಲೇ ಇಲ್ಲ. ಗೋಲಿ ಕಿತ್ತುಬಂದು ಸೊಂಟಕ್ಕೆ ಅಂಟಿರಬೇಕು, ಇಲ್ಲವೇ ಆ ಬದಿಯ ಕ್ಯಾಮೆರಾ ಕೆಟ್ಟಿರಬೇಕು ಎಂದುಕೊಂಡು, ಎಡಗೈಯ ಚಲನೆಯನ್ನೇ ತಿರುಗಿಸಿ ಬಲಕ್ಕೆ ಅಂಟಿಸಿದ್ದಳು. ಅಣ್ಣ ಪರದೆಯ ಮೇಲೆ ರಾಜಠೀವಿಯಿಂದ ನಡೆದಿದ್ದ. ಆದರೆ ಅವಳ ಗೈಡ್ ಮೇಡಂ ಹದ್ದಿನ ಕಣ್ಣಿನವರು. "ಯಾವ ಮನುಷ್ಯಾನೂ ಇಷ್ಟು ಸರಿಸಮ ಕೈ ಬೀಸಲ್ಲಮ್ಮ. ತೇಪೆ ಹಾಕ್ಬೇಡ, ಮತ್ತೆ ತೆಗಿ" ಎಂದಿದ್ದರು.

"ಹ್ಞೂಂ, ನಡಿ."

ಅಣ್ಣ ನಡೆದ. ಎಡಗೈಯ ಚುಕ್ಕಿಗಳು ಹಿಂದಕ್ಕೂ ಮುಂದಕ್ಕೂ ತೂಗಿದವು. ಬಲಗೈಯವು ಸೊಂಟಕ್ಕೆ ಅಂಟಿಕೊಂಡೇ ಸಾಗಿದವು.

ಅವಳು ಗೋಲಿ ಬದಲಾಯಿಸಿದಳು. ಮತ್ತೆ ಅದೇ. ಎಡಗೈಯ ಗೋಲಿಗಳನ್ನು ಬಲಕ್ಕೂ ಬಲದವನ್ನು ಎಡಕ್ಕೂ ಹಾಕಿದಳು. ಅಣ್ಣನನ್ನು ಆ ಗೋಡೆಯಿಂದ ಈ ಗೋಡೆಗೆ ತಿರುಗಿಸಿ ನಡೆಸಿದಳು. ಕ್ಯಾಮೆರಾಗಳಲ್ಲಿ ಯಾವ ದೋಷವೂ ಇರಲಿಲ್ಲ. ಆಸ್ಪತ್ರೆಯ ನರರೋಗ ವಿಭಾಗದಿಂದ ಬಂದವರ ನಡಿಗೆಗಳೂ ಇದೇ ಕಂಪ್ಯೂಟರಿನಲ್ಲಿದ್ದವು. ಆ ಚುಕ್ಕಿಗಳೂ ಹೀಗೇ, ಒಂದು ಕೈ ಬೀಸದೆ ನಡೆಯುತ್ತವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸ್ವಂತ ಅಣ್ಣನ ಕೈಗೆ ತೇಪೆ ಹಾಕಿ ಕೂತಿದ್ದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

"ಅಣ್ಣಾ, ಬಲಗೈ ಏನಾದ್ರೂ ನೋಯ್ತಿದೆಯಾ?"

"ಬ್ರಷ್ ಹಿಡಿಯೋ ಕೈ, ನೋಯ್ದೆ ಇರುತ್ತಾ? ನಿನ್ ಥರ ಇಲಿ ಮೇಲೆ ಕೈಯಿಟ್ಕೊಂಡು ಕೂರ್ತೀನಾ ನಾನು?" ಅವನು ಅವಳ ಮೇಜಿನ ಮೌಸ್ ತೋರಿಸಿ ನಕ್ಕ.

ಅವಳು ನಗಲಿಲ್ಲ. "ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕಷ್ಟ ಆಗುತ್ತಾ?"

ಅವನ ನಗು ಅಲ್ಲೇ ನಿಂತಿತು. "ನಿನ್ನತ್ತಿಗೆ ಫೋನ್ ಮಾಡಿದ್ಳಾ?"

"ಇಲ್ವಲ್ಲ."

"ಸುಳ್ಳು ಹೇಳ್ಬೇಡ. ಅವಳೇ ಬಾಯಿ ಬಿಟ್ಟಿರ್ಬೇಕು."

"ಅತ್ತಿಗೆ ಏನೂ ಹೇಳಿಲ್ಲಣ್ಣಾ. ನಿನ್ನ ಕೈ ಬೀಸ್ತಾ ಇಲ್ಲ. ಇಲ್ಲಿ ಕಾಣ್ತಿದೆ."

"ಬೀಸೋದು ತಾನೇ ಬೇಕು? ಬೀಸ್ತೀನಿ, ನೋಡು."

ಅವನು ಹಲ್ಲುಕಚ್ಚಿ ಬಲಗೈಯನ್ನು ಬೀಸುತ್ತ ನಡೆದ. ಕೈ ಹೆಜ್ಜೆಗೆ ಕೂಡಿ ಬರಲಿಲ್ಲ. ಒಮ್ಮೆ ಬಲಗಾಲಿನ ಜೊತೆಗೇ ಮುಂದೆ ಬಂತು, ಇನ್ನೊಮ್ಮೆ ತಡವಾಗಿ ಎದ್ದು ಅರ್ಧಕ್ಕೆ ನಿಂತಿತು. ಪರದೆಯ ಮೇಲೆ ಚುಕ್ಕಿಗಳು ಚೆದುರಿದವು. ಕಣ್ಣೆದುರು ಅಣ್ಣ ನಡೆಯುತ್ತಿದ್ದ. ಪರದೆಯಲ್ಲಿ ಯಾರು ನಡೆಯುತ್ತಿದ್ದಾರೆಂದು ಅವಳಿಗೇ ಗುರುತು ಹತ್ತಲಿಲ್ಲ.

"ಸಾಕು."

"ಈಗ ಸರಿ ಬಂತಾ?"

"ಇಲ್ಲಣ್ಣಾ."

ಅವನು ಗೋಡೆಗೆ ಒರಗಿ ಏದುಸಿರು ಬಿಟ್ಟ. "ಹೋದ್ಸಲ ಏನೋ ಮಾಡಿ ಸರಿ ಮಾಡಿದ್ದೆ ಅಂತ ಫೋನಲ್ಲಿ ಅಂದ್ಯಲ್ಲ, ಪುಟ್ಟಿ. ಈ ಸಲಾನೂ ಹಾಗೇ ಸರಿ ಮಾಡ್ಬಿಡು."

"ಅದು ಬರೀ ಪರದೆ ಮೇಲೆ."

"ಹೌದಾ," ಎಂದ ಅಣ್ಣ.

"ನಾಳೆ ಟ್ಯಾಂಕ್ ಹತ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಡಾಕ್ಟರ್ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ. ನಾನು ಹೇಳ್ತಿರೋದು ಸುಳ್ಳೇ ಆಗ್ಲಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

"ಹತ್ತದೆ ಇನ್ನೇನು ಮಾಡ್ಲೇ? ನಂಗೆ ಬರೋದು ಅದೊಂದೇ." ಅವನ ದನಿ ಏರಿತು. "ಹೋದ ವಾರ ಹಗ್ಗದ ಕೊಕ್ಕೆ ಹಾಕೋಕೆ ಆಗ್ಲಿಲ್ಲ. ಎಡಗೈಯಲ್ಲಿ ಹಾಕ್ದೆ. ಯಾರೂ ನೋಡ್ಲಿಲ್ಲ."

ತಂಗಿ ಪರದೆಯ ಎದುರಿಗೆ ಸ್ಟೂಲು ಎಳೆದಿಟ್ಟಳು.

ಅಣ್ಣ ಅದರ ಮೇಲೆ ಕುಸಿದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಕ್ಯಾಮೆರಾ ನಿಲ್ಲಿಸಬೇಕೆಂಬುದು ಅವಳಿಗೆ ಮರೆತೇಹೋಗಿತ್ತು. ಕತ್ತಲ ಪರದೆಯಲ್ಲಿ ಚುಕ್ಕಿಗಳೆಲ್ಲ ಒತ್ತಾಗಿ ಸೇರಿ ಸುಮ್ಮನಾದವು. ಒಂದು ಮಾತ್ರ ಸುಮ್ಮನಾಗಲಿಲ್ಲ. ಬಲ ಮಣಿಕಟ್ಟಿನದು ಸಣ್ಣಗೆ, ಬಿಡದೆ ನಡುಗುತ್ತಿತ್ತು.

ಅಣ್ಣ ಅದನ್ನೇ ನೋಡುತ್ತ ಕೂತ.

ಸ್ವಲ್ಪ ಹೊತ್ತಿನ ಮೇಲೆ ಎಡಗೈಯ ಚುಕ್ಕಿ ಮೆಲ್ಲಗೆ ಜರುಗಿ ಬಂದು ಅದನ್ನು ಅದುಮಿ ಹಿಡಿದಂತೆ ಪಕ್ಕ ನಿಂತಿತು. ಆಮೇಲೆ ಎರಡೂ ಒಟ್ಟಿಗೆ ನಡುಗತೊಡಗಿದವು.